ನಮ್ಮ ಫುಟ್‌ಬಾಲ್ ಮೇಷ್ಟ್ರ ನೆನಪು, ನೋಟ್‌ಬುಕ್ಕು, ಪ್ರಾಕ್ಟೀಸು: ಉಳಿಸಿಕೊಳ್ಳೋದು ಹೇಗೆ?

ಕೆಮ್ಮಣ್ಣು (ಚರ್ಚೆ ಶುರು ಮಾಡಿದವರು)

ಶಿವಮೊಗ್ಗದಲ್ಲಿ ಬೆಳಿಗ್ಗೆ ಆರಕ್ಕೆ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವ ನಮ್ಮ ಮೇಷ್ಟ್ರು ಈ ಮಳೆಗಾಲ ಮುಗಿದ ಮೇಲೆ ಮೈದಾನಕ್ಕೆ ಬರಲ್ಲ ಅಂದಿದ್ದಾರೆ. ಎರಡೂ ಮೊಣಕಾಲು ಸವೆದಿವೆ. ಹೆಸರು ಹಾಕಬೇಡಿ ಅನ್ನೋದು ಅವರದೇ ಮಾತು, ಹಾಗಾಗಿ ಹಾಕಲ್ಲ. ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳು, ಹುಡುಗರೂ ಹುಡುಗಿಯರೂ ಒಟ್ಟಿಗೆ, ಫೀಸು ಅಂತ ಒಂದು ರೂಪಾಯಿ ಇಲ್ಲ.

ಅವರ ಬಗ್ಗೆ ಮಾತಾಡುವಾಗ ಎಲ್ಲರೂ ಶಿಸ್ತು, ತ್ಯಾಗ ಅಂತ ಶುರು ಮಾಡ್ತಾರೆ. ನನಗೆ ದೊಡ್ಡದಾಗಿ ಕಾಣೋದು ಅವರು ಕೆಲಸ ಮಾಡೋ ರೀತಿ. ಮಕ್ಕಳು ಬರೋ ಮೊದಲೇ ಮೈದಾನವನ್ನ ಅಡ್ಡಡ್ಡ, ಉದ್ದುದ್ದ ನಡೆದು ನೋಡ್ತಾರೆ. ಗಾಜಿನ ಚೂರು, ಮೊಳೆ ಹೆಕ್ಕಿ ಚೀಲಕ್ಕೆ ಹಾಕ್ಕೊಳ್ತಾರೆ. ಸ್ಟಂಪ್ ಕಿತ್ತ ಗುಂಡಿ, ದನ ತುಳಿದ ಗುಂಡಿಗೆ ಮಣ್ಣು ತುಂಬಿ ಮೆಟ್ಟಿದ ಮೇಲೇ ಸೀಟಿ. ನೋಟ್‌ಬುಕ್ಕಲ್ಲಿ ಯಾರು ಗೋಲ್ ಹೊಡೆದ ಅಂತ ಬರೆಯಲ್ಲ. ಯಾರಿಗೆ ಚೆಂಡು ಕಡಿಮೆ ಸಿಕ್ಕಿತು, ಯಾರು ಎಡಗಾಲಲ್ಲಿ ಪಾಸ್ ಕೊಡೋಕೆ ಹಿಂಜರಿದ, ಯಾರು ತಿಂಡಿ ತಿನ್ನದೆ ಬಂದ, ಇಂಥದ್ದೇ ಬರೆದಿರ್ತಾರೆ. ಹಳೇ ರಟ್ಟಿನ ನೋಟ್‌ಬುಕ್ಕುಗಳು ಕಪಾಟು ತುಂಬ ಇವೆ.

ನನ್ನ ಪ್ರಶ್ನೆ ಎರಡು. ಅವರ ನೆನಪನ್ನೂ ಈ ಪುಸ್ತಕಗಳನ್ನೂ ಸರಿಯಾಗಿ ದಾಖಲಿಸೋದು ಹೇಗೆ? ಅವರಿಲ್ಲದೆ ಅದೇ ಮಟ್ಟದ ಪ್ರಾಕ್ಟೀಸ್ ನಡೆಸೋದು ಹೇಗೆ? ಗೊತ್ತಿರೋರು ಬಿಡಿಸಿ ಹೇಳಿ.

ತುಂಗೆ ದಂಡೆ

ಮೊದಲನೇ ಮಾತು: ದಯವಿಟ್ಟು ಸನ್ಮಾನದಲ್ಲಿ ಮುಗಿಸಬೇಡಿ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫ್ಲೆಕ್ಸು, ಮೈಕಿನವರ ಬಾಡಿಗೆ. ಆ ಖರ್ಚಲ್ಲಿ ಒಂದು ತಂಡಕ್ಕಾಗುವಷ್ಟು ಒಳ್ಳೇ ಚೆಂಡು ಬರ್ತವೆ.

ಬಾಲ್ಕನಿ

ಸನ್ಮಾನ ಬೇಡ ಅನ್ನೋದು ಸರಿಯಲ್ಲ ಮಾರಾಯ್ರೆ. ಇಷ್ಟು ವರ್ಷ ದುಡಿದವರನ್ನ ನಾಲ್ಕು ಜನರೆದುರು ಕೂರಿಸಿ ಗೌರವಿಸೋದು ನಮ್ಮ ಊರಿನ ಪದ್ಧತಿ. ವೇದಿಕೆ ಬೇಡ ಅಂದ್ರೆ ಮೈದಾನದಲ್ಲೇ ಮಾಡಿ, ಹಳೇ ಹುಡುಗರೆಲ್ಲ ಬರಲಿ. ಬಂದವರ ಕೈಯಲ್ಲಿ ಚೆಂಡಿಗೆ ದುಡ್ಡೂ ಹಾಕಿಸಿ. ಎರಡೂ ಆಗುತ್ತೆ.

ರೈಟ್ ಬ್ಯಾಕ್

ಚೆಂಡಿನ ಮಾತು ಬಂತಲ್ಲ, ಸೈಜು ನೋಡದೆ ತರಬೇಡಿ. ದಾನ ಕೊಡೋರು ಯಾವಾಗಲೂ 5ನೇ ಸೈಜು ತರ್ತಾರೆ. ಅದು ದೊಡ್ಡವರದ್ದು: ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ. ಒಂಬತ್ತು ವರ್ಷದ ಮಗು ಅದನ್ನ ಬೆರಳ ತುದಿಯಿಂದ ದೂಡೋದು ಕಲಿಯುತ್ತೆ, ಯಾಕಂದ್ರೆ ಪಾದದ ಮೇಲ್ಭಾಗದಿಂದ ಹೊಡೆದರೆ ನೋವು. ಒಂದು ಸಲ ಆ ಅಭ್ಯಾಸ ಕೂತರೆ ಬಿಡಿಸೋದು ಕಷ್ಟ. ಎಂಟರೊಳಗಿನವರಿಗೆ 3ನೇ ಸೈಜು, ಎಂಟರಿಂದ ಹನ್ನೆರಡರವರೆಗೆ 4, ಆಮೇಲೆ 5.

ಗಾಳಿ ಎಷ್ಟು ಅನ್ನೋದು ಚೆಂಡಿನ ಮೇಲೇ ಅಚ್ಚಾಗಿರುತ್ತೆ, ಪಿನ್ ಹಾಕೋ ತೂತಿನ ಹತ್ತಿರ ನೋಡಿ. ಮಕ್ಕಳಿಗೆ ಅಲ್ಲಿರೋ ಎರಡು ಅಂಕಿಯಲ್ಲಿ ಚಿಕ್ಕದ್ದು ಸಾಕು. ಬೆಳಿಗ್ಗೆ ತುಂಬಿದ ಚೆಂಡನ್ನ ಮಧ್ಯಾಹ್ನದ ಬಿಸಿಲಲ್ಲಿ ಬಿಡಬೇಡಿ, ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಎಳೆಯುತ್ತೆ. ಪಿನ್ನನ್ನ ಒಣಗಿದ್ದಾಗಲೇ ಚುಚ್ಚಬೇಡಿ. ಒಂದು ಹನಿ ಗ್ಲಿಸರಿನ್ ಹಚ್ಚಿ ನೇರವಾಗಿ ಇಳಿಸಿ. ಓರೆ ಹೋದರೆ ವಾಲ್ವ್ ಒಳಕ್ಕೆ ಜಾರುತ್ತೆ, ಆಮೇಲೆ ಆ ಚೆಂಡು ಮುಗೀತು.

ಸಾಗರದ ಅಮ್ಮ

ಹೊಸ ಚೆಂಡು ಎರಡೇ ದಿನಕ್ಕೆ ಮೆತ್ತಗಾಗುತ್ತೆ. ಅದು ತೂತಾ?

ರೈಟ್ ಬ್ಯಾಕ್

@ಸಾಗರದ ಅಮ್ಮ ತೂತೇ ಆಗಿರಬೇಕು ಅಂತಿಲ್ಲ ಮೇಡಂ. ಬ್ಲಾಡರ್ (ಚೆಂಡಿನೊಳಗಿನ ಗಾಳಿಚೀಲ) ಎರಡು ಥರ. ಲೇಟೆಕ್ಸ್ ಬ್ಲಾಡರ್ ಮುಟ್ಟೋಕೆ ಚೆನ್ನ, ಪುಟಿತ ಚೆನ್ನ, ಆದರೆ ಗಾಳಿ ಬೇಗ ಬಿಡುತ್ತೆ. ಬ್ಯುಟೈಲ್ ವಾರಗಟ್ಟಲೆ ಹಿಡಿಯುತ್ತೆ. ಮಕ್ಕಳ ಪ್ರಾಕ್ಟೀಸಿಗೆ ಬ್ಯುಟೈಲ್ ಕೇಳಿ ತಗೊಳ್ಳಿ. ತೂತಾ ಅಂತ ನೋಡೋಕೆ ಬಕೆಟ್ ನೀರಲ್ಲಿ ಅದ್ದಿ ತಿರುಗಿಸಿ. ಗುಳ್ಳೆ ವಾಲ್ವಿನಿಂದ ಬಂದರೆ ಕಸ ಸಿಕ್ಕಿರುತ್ತೆ, ಗ್ಲಿಸರಿನ್ ಹಚ್ಚಿದ ಪಿನ್ ಎರಡು ಸಲ ಒಳಹೊರಗೆ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತೆ.

ಪೇಪರ್‌ಟೌನ್

ಭದ್ರಾವತಿ ಕಡೆಯವನು ಕೇಳ್ತಿದ್ದೀನಿ. ನಿಮ್ಮ ಮೇಷ್ಟ್ರು ಮೊದಲು ಐದು ರೌಂಡ್ ಓಡಿಸಲ್ಲವಂತೆ, ನಿಜಾನಾ? ಸ್ಟ್ಯಾಮಿನಾ ಎಲ್ಲಿಂದ ಬರುತ್ತೆ?

ಎಡಗಾಲು

ನಿಜ. ಅವರ ಎಪ್ಪತ್ತೈದು ನಿಮಿಷ ಹೀಗೆ ಹೋಗುತ್ತೆ. ಮೊದಲ ಹದಿನೈದು ನಿಮಿಷ ಮೈ ಬಿಸಿ ಮಾಡೋದು: ನಿಧಾನ ಓಟ, ಸೀಟಿಗೆ ನಿಲ್ಲೋದು, ಒಂಟಿ ಕಾಲಲ್ಲಿ ನಿಂತು ಚೆಂಡು ಎಸೆದು ಹಿಡಿಯೋದು, ಕುಪ್ಪಳಿಸಿ ಇಳಿಯೋದು, ಸರಿಯಾಗಿ ಬೀಳೋದು. ಇಳಿಯುವಾಗ ಮೊಣಕಾಲು ಒಳಕ್ಕೆ ವಾಲಬಾರದು, ಪಾದದ ಬೆರಳಿನ ನೇರಕ್ಕೇ ಇರಬೇಕು. ಅವರು ನೋಡೋದು ಅದೊಂದನ್ನೇ. ಫಿಫಾದವರ ‘11+ ಕಿಡ್ಸ್’ ಅಂತ ಏಳು ವ್ಯಾಯಾಮದ ಕ್ರಮ ಇದೆ, ಹೆಚ್ಚುಕಡಿಮೆ ಅದೇ. ಯೂರೋಪಿನ ನಾಲ್ಕು ದೇಶದ ಮಕ್ಕಳ ಮೇಲೆ ಅದನ್ನ ಪರೀಕ್ಷಿಸಿದಾಗ ಗಾಯ ಸುಮಾರು ಅರ್ಧಕ್ಕೆ ಇಳಿದಿತ್ತು.

ಆಮೇಲೆ ಇಪ್ಪತ್ತು ನಿಮಿಷ ಎರಡು ಕೆಲಸ: ಮೊದಲು ಒಬ್ಬರಿಗೆ ಒಂದು ಚೆಂಡು, ಅದಾದ ಮೇಲೆ ಗುಂಪಾಟ. ಎಂಟು ಮೀಟರ್ ಚೌಕದಲ್ಲಿ ನಾಲ್ವರು ಸುತ್ತ, ಒಬ್ಬ ನಡುವೆ: ಕಸಿದುಕೊಳ್ಳೋ ಆಟ. ಚೌಕ ದೊಡ್ಡದಾದರೆ ನಡುವಿನವನು ಸುಸ್ತಾಗಿ ನಿಂತುಬಿಡ್ತಾನೆ, ಚಿಕ್ಕದಾದರೆ ಎರಡು ಪಾಸೂ ಆಗಲ್ಲ. ಆರು ಪಾಸ್ ಸತತವಾಗಿ ಆಗ್ತಿದ್ದರೆ ಚೌಕವನ್ನ ಒಂದು ಹೆಜ್ಜೆ ಕಿರಿದು ಮಾಡ್ತಾರೆ. ಮೂವತ್ತು ನಿಮಿಷ ನಾಲ್ಕು ಜನರ ಎದುರು ನಾಲ್ಕು ಜನರ ಆಟ, ಮೂವತ್ತು ಮೀಟರ್ ಉದ್ದ, ಇಪ್ಪತ್ತು ಅಗಲ, ಗೋಲಿ (ಗೋಲ್‌ಕೀಪರ್) ಇಲ್ಲ. ಉಳಿದದ್ದು ಮೈ ಆರಿಸೋಕೆ, ಮಾತಿಗೆ.

ಪೇಪರ್‌ಟೌನ್

ಅದು ಆಟ ಆಯ್ತು. ಹನ್ನೊಂದು ಜನರ ಮ್ಯಾಚಿನಲ್ಲಿ ಅರವತ್ತು ನಿಮಿಷ ಓಡೋಕೆ ಉಸಿರು ಬೇಡ್ವಾ?

ಎಡಗಾಲು

@ಪೇಪರ್‌ಟೌನ್ ಉಸಿರು ಬೇಕು ಅಣ್ಣ, ಅದು ಆಟದಲ್ಲೇ ಬರುತ್ತೆ. ಮೂರು ನಿಮಿಷ ಆಟ, ಒಂದು ನಿಮಿಷ ನೀರು ಅಂತ ಹಾಕಿ ನೋಡಿ, ಆರನೇ ಸುತ್ತಿಗೆ ಎಲ್ಲರೂ ಸೊಂಟಕ್ಕೆ ಕೈ ಕೊಡ್ತಾರೆ. ಫುಟ್‌ಬಾಲ್ ಓಟ ಒಂದೇ ವೇಗದ್ದಲ್ಲ. ನಿಲ್ಲು, ತಿರುಗು, ಹತ್ತು ಮೀಟರ್ ನುಗ್ಗು, ಮತ್ತೆ ನಿಲ್ಲು. ಮೈದಾನದ ಸುತ್ತ ಓಡಿದರೆ ಇದ್ಯಾವುದೂ ಬರಲ್ಲ. ಅದೂ ಅಲ್ಲದೆ ಇಪ್ಪತ್ತೆರಡು ಮಕ್ಕಳು ಒಂದು ಚೆಂಡಿನ ಹಿಂದೆ ಹೋದರೆ ಮೈದಾನದ ಅಂಚಲ್ಲಿ ಆಡೋ ಮಗುವಿಗೆ ಚೆಂಡು ಸಿಗೋದೇ ಅಪರೂಪ.

ತುಂಗೆ ದಂಡೆ

ಇನ್ನೊಂದು ಸೇರಿಸ್ತೀನಿ. ಅವರು ಆಟದ ನಡುವೆ ಕೂಗಿ ಹೇಳಿಕೊಡಲ್ಲ. ತಪ್ಪಾದರೆ ಎಲ್ಲರನ್ನೂ ಇದ್ದ ಜಾಗದಲ್ಲೇ ನಿಲ್ಲಿಸ್ತಾರೆ, ‘ಈಗ ಖಾಲಿ ಯಾರಿದ್ದಾರೆ?’ ಅಂತ ಆ ಮಗುವನ್ನೇ ಕೇಳ್ತಾರೆ, ಮತ್ತೆ ಅಲ್ಲಿಂದಲೇ ಆಡಿಸ್ತಾರೆ. ಅರ್ಧ ನಿಮಿಷ ದಾಟಲ್ಲ. ಪಕ್ಕದಲ್ಲಿ ನಿಂತ ಅಪ್ಪಂದಿರು ‘ಶೂಟ್ ಮಾಡೋ’ ಅಂತ ಕಿರುಚಿದರೆ ಹತ್ತಿರ ಹೋಗಿ ಮೆಲ್ಲಗೆ ತಡೀತಾರೆ.

ಆಗುಂಬೆ ಮಳೆ

ಇದೆಲ್ಲ ಒಣ ಮೈದಾನದ ಲೆಕ್ಕ. ಘಟ್ಟದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೈಗೇ ಸಿಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳೋದು. ನೀರು ನಿಂತಲ್ಲಿ ನೆಲದ ಪಾಸು ಅರ್ಧ ದಾರೀಲೇ ನಿಲ್ಲುತ್ತೆ. ಅಲ್ಲಿ ಎತ್ತಿ ಕೊಡೋದು, ಎದೆ ಅಥವಾ ತೊಡೆಯಲ್ಲಿ ತಡೆಯೋದು ಕಲಿಸಬಹುದು, ಆದರೆ ಚಿಕ್ಕ ಮಕ್ಕಳಿಗೆ ವಾರಪೂರ್ತಿ ಅದನ್ನೇ ಮಾಡಿಸಿದರೆ ನೆಲದ ಪಾಸು ಮರೆತುಹೋಗುತ್ತೆ. ಜೋರು ಮಳೆಯ ವಾರ ಶಾಲೆ ಜಗಲಿಯೇ ಸರಿ. ಗೋಡೆಯಿಂದ ಮೂರು ಮೀಟರ್ ದೂರ, ಬಲಗಾಲಲ್ಲಿ ಇಪ್ಪತ್ತು, ಎಡಗಾಲಲ್ಲಿ ನಲವತ್ತು, ಪುಟಿದು ಬಂದದ್ದನ್ನ ಒಂದೇ ಸ್ಪರ್ಶಕ್ಕೆ ನಿಲ್ಲಿಸಬೇಕು. ಜಗಲಿ ನೆಲ ಒದ್ದೆ ಇದ್ದರೆ ಬೇಡವೇ ಬೇಡ, ಜಾರಿ ಮಣಿಕಟ್ಟು ಮುರಿಯುತ್ತೆ.

ಒದ್ದೆ ಬೂಟನ್ನ ಬಚ್ಚಲೊಲೆ ಹತ್ತಿರ ಇಡೋದು ನಮ್ಮ ಕಡೆ ಎಲ್ಲರ ಅಭ್ಯಾಸ. ಇಡಬೇಡಿ, ಅಂಟು ಬಿಟ್ಟು ಅಟ್ಟೆ ಬಾಯಿ ಬಿಡುತ್ತೆ. ಕೆಸರು ತೊಳೆದು, ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ತುರುಕಿ ಫ್ಯಾನಿನಡಿ ಇಡಿ. ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ.

ಸೀಟಿ

ರೆಫ್ರಿಯಾಗಿ ಒಂದು ಮಾತು. ಮಳೆಗಿಂತ ಮಾರ್ಚ್‌ನಿಂದ ಮೇವರೆಗಿನ ಗುಡುಗೇ ಅಪಾಯ. ಗುಡುಗು ಕೇಳಿಸಿತು ಅಂದ್ರೆ ಸಿಡಿಲು ಬಡಿಯುವಷ್ಟು ಹತ್ತಿರ ಇದೆ ಅಂತಲೇ ಲೆಕ್ಕ. ತಕ್ಷಣ ಪಕ್ಕಾ ಕಟ್ಟಡದೊಳಗೆ, ಇಲ್ಲವಾದರೆ ಬಾಗಿಲು ಮುಚ್ಚಿದ ಬಸ್ಸು, ಕಾರಿನೊಳಗೆ. ಮರದಡಿ ಬೇಡ, ಕಬ್ಬಿಣದ ಗೋಲ್ ಕಂಬದ ಹತ್ತಿರ ಬೇಡ, ತೆರೆದ ಶಾಮಿಯಾನ ಬೇಡ. ಕೊನೆಯ ಗುಡುಗು ಕೇಳಿದ ಮೇಲೆ ಮೂವತ್ತು ನಿಮಿಷ ಕಾಯಬೇಕು, ನಡುವೆ ಇನ್ನೊಂದು ಕೇಳಿದರೆ ಲೆಕ್ಕ ಮತ್ತೆ ಮೊದಲಿನಿಂದ. ನಿಮ್ಮ ಮೇಷ್ಟ್ರು ಇದರಲ್ಲಿ ಒಂದಿಷ್ಟೂ ರಾಜಿ ಆಗಲ್ಲ, ಫೈನಲ್ ಆದರೂ ಅಷ್ಟೇ.

ಸೀಟಿ ಕೊಳ್ಳುವಾಗ ಒಳಗೆ ಗುಂಡು ಇಲ್ಲದ್ದು ತಗೊಳ್ಳಿ. ಬೆಂಡಿನ ಗುಂಡು ಮಳೆನೀರು ಕುಡಿದರೆ ಸಿಕ್ಕಿಕೊಂಡು ಸದ್ದೇ ಬರಲ್ಲ.

ಹಳು ಹಾದಿ

ಬೂಟು ಬೂಟು ಅಂತೀರಿ. ಹಳ್ಳಿ ಮಕ್ಕಳು ಬರಿಗಾಲಲ್ಲೇ ಚೆನ್ನಾಗಿ ಆಡ್ತಾರೆ. ನಮ್ಮ ದೇಶದವರನ್ನ 1950ರ ವಿಶ್ವಕಪ್ಪಿಗೆ ಬರಿಗಾಲು ಅಂತಲೇ ಅಲ್ವಾ ಬೇಡ ಅಂದಿದ್ದು?

ತುಂಗೆ ದಂಡೆ

@ಹಳು ಹಾದಿ ಅದು ಬಾಯಿಂದ ಬಾಯಿಗೆ ಹರಡಿದ ಕತೆ. ಬ್ರೆಜಿಲ್‌ಗೆ ಹೋಗೋದು ಬೇಡ ಅಂತ ತೀರ್ಮಾನ ಮಾಡಿದ್ದು ನಮ್ಮ ಫೆಡರೇಶನ್ನೇ. ಆಗ ಅವರ ಗಮನ ಒಲಿಂಪಿಕ್ಸ್ ಮೇಲಿತ್ತು. ಬರಿಗಾಲು ಕಾರಣ ಅಲ್ಲ ಅಂತ ಆ ಕಾಲದ ನಾಯಕ ಶೈಲೇನ್ ಮನ್ನಾ ಅವರೇ ಹೇಳಿದ್ದರು. ಬರಿಗಾಲಿಗೆ ಬೆಲೆ ತೆತ್ತದ್ದು 1952ರ ಹೆಲ್ಸಿಂಕಿಯಲ್ಲಿ: ಯುಗೊಸ್ಲಾವಿಯಾ ಎದುರು 1-10. ಅದಾದ ಮೇಲೆ ಬೂಟು ಕಡ್ಡಾಯ ಆಯ್ತು.

ಎಡಗಾಲು

ಬರಿಗಾಲಿಗೂ ಜಾಗ ಇದೆ, ಪೂರ್ತಿ ತಳ್ಳಿಹಾಕಬೇಡಿ. ಹುಲ್ಲಿರೋ, ಪರೀಕ್ಷಿಸಿದ ಜಾಗದಲ್ಲಿ ಹತ್ತು ನಿಮಿಷ ಬರಿಗಾಲಲ್ಲಿ ಚೆಂಡು ಉರುಳಿಸಿದರೆ ಸ್ಪರ್ಶ ಚೆನ್ನಾಗಿ ಬರುತ್ತೆ. ಆದರೆ ಬೂಟು ಹಾಕಿದವರ ಜೊತೆ ಬರಿಗಾಲಿನವರನ್ನ ಸೇರಿಸಿ ಆಡಿಸೋದು ತಪ್ಪು. ಇರೋದು ನಾಲ್ಕೇ ಜೊತೆ ಅಂದ್ರೆ ಎಲ್ಲರೂ ಬಿಚ್ಚಲಿ, ಇಲ್ಲ ಎಲ್ಲರೂ ಕ್ಯಾನ್ವಾಸ್ ಶೂ ಹಾಕಲಿ.

ಮೊಣಕಾಲು ನೋಡುವವ

ಫಿಸಿಯೋ ಕೆಲಸದವನಾಗಿ ಬೂಟಿನ ಬಗ್ಗೆ ಹೇಳ್ತೀನಿ. ಜಂಬುಮಣ್ಣಿನ ಮೈದಾನ ಬೇಸಿಗೆಯಲ್ಲಿ ತೀರಾ ಗಟ್ಟಿ. ಅದರ ಮೇಲೆ ಉದ್ದ ಸ್ಟಡ್ (ಅಟ್ಟೆಯ ಅಡಿಯ ಗುಬುಟು) ಇರೋ ಬೂಟು ಹಾಕಿದರೆ ಸ್ಟಡ್ ನೆಲಕ್ಕೆ ಇಳಿಯಲ್ಲ, ಭಾರವೆಲ್ಲ ನಾಲ್ಕೈದು ಬಿಂದುವಿನ ಮೇಲೆ ಬೀಳುತ್ತೆ. ಎಂಟರಿಂದ ಹದಿನಾಲ್ಕು ವರ್ಷದವರಿಗೆ ಹಿಮ್ಮಡಿ ಹಿಂಭಾಗದಲ್ಲಿ ನೋವು ಬರೋದು ಬಹಳ ಸಾಮಾನ್ಯ. ಆ ಜಾಗದ ಎಲುಬು ಇನ್ನೂ ಬೆಳೀತಿರುತ್ತೆ, ಮೀನಖಂಡದ ಸ್ನಾಯು ಅದನ್ನ ಎಳೀತಿರುತ್ತೆ. ಡಾಕ್ಟರು ಸೀವರ್ಸ್ ಅಂತಾರೆ. ಗುರುತು ಹಿಡಿಯೋದು ಸುಲಭ: ಹಿಮ್ಮಡಿಯ ಎರಡೂ ಬದಿ ಬೆರಳಲ್ಲಿ ಒತ್ತಿದರೆ ಮಗು ಕಾಲು ಎಳ್ಕೊಳ್ಳುತ್ತೆ, ಆಟ ಆದ ಮೇಲೆ ತುದಿಗಾಲಲ್ಲಿ ನಡೆಯುತ್ತೆ.

ಹೆದರೋದು ಬೇಡ, ಬೆಳವಣಿಗೆ ಮುಗಿದರೆ ಹೋಗುತ್ತೆ. ಆದರೆ ನೋವಿನ ಮೇಲೇ ಆಡಿಸಬಾರದು. ಓಟ ನೆಗೆತ ಕಡಿಮೆ ಮಾಡಿ, ಆಡಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸು ಹತ್ತು ನಿಮಿಷ, ಶೂ ಒಳಗೆ ಹಿಮ್ಮಡಿ ಪ್ಯಾಡು, ದಿನಾ ಮೀನಖಂಡ ಹಿಗ್ಗಿಸೋ ವ್ಯಾಯಾಮ. ಮೊಣಕಾಲ ಚಿಪ್ಪಿನ ಕೆಳಗೆ ಉಬ್ಬಿ ನೋವಾದರೂ ಕಾರಣ ಇಂಥದ್ದೇ. ರಾತ್ರಿ ನೋವಿಗೆ ಎಚ್ಚರಾದರೆ, ಜ್ವರ ಇದ್ದರೆ, ಒಂದೇ ಕಡೆ ಬಾವು ಇಳಿಯದಿದ್ದರೆ ಮಾತ್ರ ಮೂಳೆ ಡಾಕ್ಟರ ಹತ್ತಿರ ತಡ ಮಾಡದೆ ಹೋಗಿ. ಗಟ್ಟಿ ನೆಲಕ್ಕೆ ಗಿಡ್ಡ, ಜಾಸ್ತಿ ಸಂಖ್ಯೆಯ ರಬ್ಬರ್ ಸ್ಟಡ್ ಇರೋ ಬೂಟೇ ಸರಿ. ಬೆಳೀತಾನೆ ಅಂತ ಎರಡು ಸೈಜು ದೊಡ್ಡದು ತರಬೇಡಿ, ಹೆಬ್ಬೆರಳ ಮುಂದೆ ಅರ್ಧ ಬೆರಳಗಲ ಜಾಗ ಸಾಕು.

ಸಾಗರದ ಅಮ್ಮ

ತುಂಬ ಉಪಯೋಗ ಆಯ್ತು ಸರ್. ತಲೆಯಿಂದ ಹೊಡೆಯೋದು ಯಾವ ವಯಸ್ಸಿಗೆ ಕಲಿಸಬೇಕು? ಮೇಷ್ಟ್ರು ಚಿಕ್ಕವರಿಗೆ ಬಿಡೋದೇ ಇಲ್ಲ ಅಂತ ಕೆಲವರು ಗೊಣಗ್ತಾರೆ.

ಮೊಣಕಾಲು ನೋಡುವವ

ಅವರು ಮಾಡೋದೇ ಸರಿ. ಅಮೆರಿಕದಲ್ಲಿ ಹತ್ತು ವರ್ಷದವರೆಗೆ ಹೆಡಿಂಗ್ ಇಲ್ಲ, ಹನ್ನೊಂದರಿಂದ ಹದಿಮೂರರವರೆಗೆ ಪ್ರಾಕ್ಟೀಸಲ್ಲಿ ಮಿತಿ ಇದೆ. ಇಂಗ್ಲೆಂಡಿನವರು 2020ರಲ್ಲಿ ಪ್ರಾಥಮಿಕ ಶಾಲೆ ಮಕ್ಕಳ ತರಬೇತಿಯಿಂದ ತೆಗೆದರು. ಹನ್ನೆರಡರ ಮೇಲೆ ಹಗುರ ಚೆಂಡಿನಲ್ಲಿ ಶುರು ಮಾಡಬಹುದು: ಕಣ್ಣು ತೆರೆದು, ಕತ್ತು ಬಿಗಿದು, ಹಣೆಯ ನಡುವೆ. ತಲೆಗೆ ಪೆಟ್ಟು ಬಿದ್ದು ಮಗು ಮಂಕಾಗಿದ್ದರೆ ಅವತ್ತಿನ ಆಟ ಮುಗೀತು, ಎಷ್ಟೇ ಹಟ ಮಾಡಲಿ. ವಾಂತಿ, ಜಾಸ್ತಿಯಾಗ್ತಾ ಹೋಗೋ ತಲೆನೋವು, ತೂಕಡಿಕೆ ಇದ್ದರೆ ನೇರ ಆಸ್ಪತ್ರೆ.

ಪೇಪರ್‌ಟೌನ್

ಇನ್ನೊಂದು ಆಕ್ಷೇಪ ಇದೆ, ನೇರವಾಗೇ ಹೇಳ್ತೀನಿ. ಟೂರ್ನಿಯಲ್ಲೂ ಎಲ್ಲರಿಗೂ ಕನಿಷ್ಠ ಅರ್ಧ ಆಟ ಕೊಡ್ತಾರೆ. ಗೆಲ್ಲೋ ಮ್ಯಾಚು ಕೈ ಬಿಟ್ಟುಹೋಗುತ್ತೆ. ಚೆನ್ನಾಗಿ ಆಡೋ ಹುಡುಗನಿಗೆ ಇದು ಅನ್ಯಾಯ ಅಲ್ವಾ?

ಎಡಗಾಲು

ಹನ್ನೆರಡು ವರ್ಷಕ್ಕೆ ‘ಚೆನ್ನಾಗಿ ಆಡೋ ಹುಡುಗ’ ಯಾರು ಅಂತ ಹೇಗೆ ತೀರ್ಮಾನ ಮಾಡ್ತೀರಿ? ಹೆಚ್ಚಿನ ಸಲ ಅದು ಎತ್ತರದವನು ಅಷ್ಟೇ. ವಯಸ್ಸಿನ ಲೆಕ್ಕ ಜನವರಿ 1ಕ್ಕೆ ಇಟ್ಟಾಗ ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನವನಿಗೂ ಹೆಚ್ಚುಕಡಿಮೆ ಒಂದು ವರ್ಷ ಅಂತರ. ಪ್ರಪಂಚದ ಎಷ್ಟೋ ಕಡೆ ಆಯ್ಕೆಯಾದ ಮಕ್ಕಳ ಪಟ್ಟಿಯಲ್ಲಿ ಆ ಲೆಕ್ಕದ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ಜಾಸ್ತಿ ಇರ್ತಾರೆ ಅನ್ನೋದು ಸಾಬೀತಾದ ವಿಷಯ. ತಡವಾಗಿ ಬೆಳೆಯೋ ಮಗು ಬೆಂಚಲ್ಲೇ ಕೂತು ಹದಿನಾಲ್ಕಕ್ಕೆ ಆಟ ಬಿಡುತ್ತೆ.

ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಹುಟ್ಟಿದ ತಿಂಗಳು, ಮೂರು ತಿಂಗಳಿಗೊಮ್ಮೆ ಎತ್ತರ ಬರೆದಿಡೋದು ಇದಕ್ಕೇ. ಪ್ರಾಕ್ಟೀಸಲ್ಲಿ ವಾರಕ್ಕೊಂದು ದಿನ ವಯಸ್ಸು ಬಿಟ್ಟು ಮೈಕಟ್ಟಿನ ಮೇಲೆ ತಂಡ ಮಾಡ್ತಾರೆ. ದೊಡ್ಡ ಮೈಯವನು ಅವತ್ತು ತೋಳಿನಿಂದ ದೂಡಿ ಗೆಲ್ಲೋಕಾಗಲ್ಲ, ಪಾಸ್ ಹುಡುಕಲೇಬೇಕು. ಒಮ್ಮೆಲೇ ಎತ್ತರ ಹೆಚ್ಚಿದ ಮಗು ಒಂದೆರಡು ತಿಂಗಳು ಎಡವೋದು ಸಹಜ, ಅದಕ್ಕೂ ಬಯ್ಯೋದಿಲ್ಲ, ಎತ್ತರದ ಅಂಕಿ ನೋಡಿ ಗೊತ್ತು ಮಾಡ್ಕೊಳ್ತಾರೆ.

ಪೇಪರ್‌ಟೌನ್

ಹುಟ್ಟಿದ ತಿಂಗಳ ಮಾತು ಒಪ್ಪುವಂಥದ್ದೇ. ಆದರೂ ಹದಿನಾಲ್ಕರೊಳಗಿನವರ ಫೈನಲ್‌ನಲ್ಲಿ ಸ್ವಲ್ಪ ಸಡಿಲ ಇರಬೇಕು ಅನ್ನೋದು ನನ್ನ ಅಭಿಪ್ರಾಯ.

ಹಳೇ ಕಾಗದ

ನೆನಪಿನ ಪ್ರಶ್ನೆಗೆ ಯಾರೂ ಬರಲಿಲ್ಲ. ದಾಖಲೆ ಕೆಲಸ ಗೊತ್ತಿರೋದರಿಂದ ಬರೀತಿದ್ದೀನಿ.

ಮಲೆನಾಡಲ್ಲಿ ಮೊದಲ ಶತ್ರು ತೇವ. ನೋಟ್‌ಬುಕ್ಕುಗಳನ್ನ ಗೋಡೆಗೆ ತಾಗಿದ ಕಪಾಟಿನಿಂದ ಇವತ್ತೇ ಹೊರಗೆ ತೆಗೀರಿ. ಬೂಷ್ಟು ಹಿಡಿದದ್ದನ್ನ ಬೇರೆ ಇಡಿ, ನೆರಳಲ್ಲಿ ಫ್ಯಾನ್ ಗಾಳಿಗೆ ಒಣಗಿಸಿ. ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತೆ, ಹಾಳೆ ಸುರುಟುತ್ತೆ. ಪೂರ್ತಿ ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಹಾಕಿ, ಮೆತ್ತನೆ ಬ್ರಷ್‌ನಿಂದ ಹೊರಮುಖವಾಗಿ ಉದುರಿಸಿ. ತುಕ್ಕು ಹಿಡಿದ ಪಿನ್ನು ಬಿಚ್ಚಿ. ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಸ್ಕ್ಯಾನ್ ಮಾಡೋದಾದ್ರೆ ಬರಹಕ್ಕೆ 300 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ), ಫೋಟೋಗೆ 600. ಫೋನಲ್ಲಿ ತೆಗೆಯೋದಾದ್ರೆ ಕಿಟಕಿ ಬೆಳಕು, ಫ್ಲ್ಯಾಶ್ ಇಲ್ಲ, ಫೋನು ಹಾಳೆಗೆ ಸಮಾನಾಂತರ. ಫೈಲಿಗೆ ವರ್ಷ, ಪುಸ್ತಕದ ಸಂಖ್ಯೆ, ಪುಟ ಅಂತ ಹೆಸರು ಕೊಡಿ. ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ಫೋಟೋ ಹಿಂದೆ ಹೆಸರು ಬರೆಯೋಕೆ ಮೆತ್ತನೆ ಪೆನ್ಸಿಲ್, ಬಾಲ್‌ಪೆನ್ ಒತ್ತಿದರೆ ಮುಂದಕ್ಕೆ ಅಚ್ಚು ಬೀಳುತ್ತೆ.

ಮಾತು ರೆಕಾರ್ಡ್ ಮಾಡುವಾಗ ಒಂದು ಸಲಕ್ಕೆ ನಲವತ್ತು ನಿಮಿಷ ದಾಟಬೇಡಿ. ಫೋನು ಫ್ಲೈಟ್ ಮೋಡಲ್ಲಿ, ಬಾಯಿಂದ ಒಂದಡಿ ದೂರ, ಮೆತ್ತನೆ ಬಟ್ಟೆ ಮೇಲೆ. ಫ್ಯಾನ್ ಆರಿಸಿ. ತಗಡಿನ ಮಾಡಿನ ಕೋಣೆಯಲ್ಲಿ ಮಳೆ ಬರುವಾಗ ಕೂರಬೇಡಿ. ‘ನಿಮ್ಮ ಅನುಭವ ಹೇಳಿ’ ಅಂತ ಕೇಳಿದರೆ ಭಾಷಣ ಬರುತ್ತೆ. ಒಂದು ಹಳೇ ತಂಡದ ಫೋಟೋ ಕೈಗೆ ಕೊಟ್ಟು ‘ಎಡದಿಂದ ಮೂರನೆಯವರು ಯಾವ ಜಾಗದಲ್ಲಿ ಆಡ್ತಿದ್ದರು?’ ಅಂತ ಕೇಳಿ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಇಸವಿ ತಪ್ಪಿದರೆ ಅಲ್ಲೇ ತಿದ್ದಬೇಡಿ, ಆಮೇಲೆ ಹಳೇ ಪತ್ರಿಕೆ ನೋಡಿ ಪಕ್ಕದಲ್ಲಿ ಟಿಪ್ಪಣಿ ಹಾಕಿ. ಅವರ ಮನೆಯವರನ್ನೂ ಒಂದು ದಿನ ಕೂರಿಸಿ ಮಾತಾಡಿಸಿ, ಅಷ್ಟು ವರ್ಷ ಮಕ್ಕಳ ಜರ್ಸಿ ಒಗೆದವರ ನೆನಪು ಬೇರೆಯೇ ಇರುತ್ತೆ.

ಕೆಮ್ಮಣ್ಣು

@ಹಳೇ ಕಾಗದ ಇದೇ ಬೇಕಿತ್ತು, ತುಂಬ ಥ್ಯಾಂಕ್ಸ್. ಒಂದು ಸಂದೇಹ: ಪುಸ್ತಕದಲ್ಲಿ ಮಕ್ಕಳ ಹೆಸರು, ಮನೆ ಪರಿಸ್ಥಿತಿ ಎಲ್ಲ ಇದೆ. ನೆಟ್ಟಿಗೆ ಹಾಕಬಹುದಾ?

ಹಳೇ ಕಾಗದ

ಹಾಕಬೇಡಿ. ಎರಡು ಭಾಗ ಮಾಡಿ. ಪ್ರಾಕ್ಟೀಸ್ ವಿವರ, ಚೌಕದ ಅಳತೆ, ಏನು ಮಾಡಿದಾಗ ಏನಾಯ್ತು ಅನ್ನೋ ಭಾಗ ಎಲ್ಲರಿಗೂ ಸಿಗಲಿ. ಹೆಸರು, ಮನೆ ವಿಷಯ, ಎತ್ತರ ತೂಕ ಇರೋ ಪುಟಗಳು ಮೇಷ್ಟ್ರ ಮನೆಯಲ್ಲೇ ಇರಲಿ. ಫೋಟೋ ಹಾಕುವಾಗ ಈಗಿನ ಮಕ್ಕಳದಾದರೆ ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಹಳಬರದಾದರೆ ಅವರನ್ನೇ ಕೇಳಿ.

ಬಾಲ್ಕನಿ

ಮೇಷ್ಟ್ರು ಶನಿವಾರ ಪ್ರಾಕ್ಟೀಸ್ ಮುಗಿದ ಮೇಲೆ ಹೇಳೋ ಹಳೇ ಆಟಗಾರರ ಕತೆಗಳನ್ನ ಮರೀಬೇಡಿ. ಕರ್ನಾಟಕ 2023ರಲ್ಲಿ ಮೊದಲನೇ ಸಲ ಸಂತೋಷ್ ಟ್ರೋಫಿ (ರಾಜ್ಯ ರಾಜ್ಯಗಳ ನಡುವಿನ ಫುಟ್‌ಬಾಲ್ ಟೂರ್ನಿ) ಗೆದ್ದಾಗ ಅವರ ಮುಖ ನೋಡಬೇಕಿತ್ತು.

ಸೀಟಿ

@ಬಾಲ್ಕನಿ ಮೊದಲನೇ ಸಲ ಅಲ್ಲ. ಮೈಸೂರು ಅನ್ನೋ ಹೆಸರಲ್ಲಿ ಅದಕ್ಕೆ ಮುಂಚೆ ನಾಲ್ಕು ಸಲ ಗೆದ್ದಿದ್ದೇವೆ: 1946-47, 1952-53, 1967-68, 1968-69. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ಹಾಗಾಗಿ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯದ ಎದುರು 3-2ರಿಂದ ಗೆದ್ದದ್ದು ಈ ಹೆಸರಲ್ಲಿ ಮೊದಲನೆಯದು, ಒಟ್ಟು ಐದನೆಯದು. ಐವತ್ನಾಲ್ಕು ವರ್ಷ ಕಾದದ್ದು.

ತುಂಗೆ ದಂಡೆ

ಆ ಶನಿವಾರದ ಕತೆಗಳಲ್ಲಿ ಪ್ರತಿಯೊಂದಕ್ಕೂ ಒಂದು ಪಾಠ ಕಟ್ಟಿರ್ತಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ನಮ್ಮ ಒಂದೇ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಕೈತಪ್ಪಿ 1-2ರಿಂದ ಸೋತೆವು. ಈ ಕತೆ ಹೇಳಿದ ಮೇಲೆ ಸುಸ್ತಾದ ಮಕ್ಕಳಿಂದಲೇ ಪೆನಾಲ್ಟಿ ಹೊಡೆಸ್ತಾರೆ, ಯಾಕಂದ್ರೆ ಮ್ಯಾಚಲ್ಲಿ ಪೆನಾಲ್ಟಿ ಸುಸ್ತಾದಾಗಲೂ ಬರುತ್ತೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್ ಕತೆ ಇನ್ನೊಂದು: ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನ ಕೋಚ್ ರಹೀಂ ಮುಂದಕ್ಕೆ ಆಡಿಸಿದರು, ಅವರೇ ಒಂದು ಗೋಲ್ ಹೊಡೆದರು, ದಕ್ಷಿಣ ಕೊರಿಯಾ ಎದುರು 2-1. ಅದಕ್ಕೇ ಹದಿಮೂರರೊಳಗೆ ಯಾರನ್ನೂ ಒಂದೇ ಜಾಗಕ್ಕೆ ಕಟ್ಟಿಹಾಕಬಾರದು ಅಂತಾರೆ. ತಿಂಗಳಿಗೊಮ್ಮೆ ಗೋಲಿ ಫಾರ್ವರ್ಡ್ ಆಡ್ತಾನೆ, ಫಾರ್ವರ್ಡ್ ಡಿಫೆನ್ಸಿಗೆ ಬರ್ತಾನೆ.

ಎಡಗಾಲು

ರಹೀಂ ಅವರೂ ಮೂಲತಃ ಶಾಲಾ ಮೇಷ್ಟ್ರೇ, ಹೈದರಾಬಾದಿನವರು. ಡ್ರಿಬ್ಲಿಂಗ್ ಮಾಡಬಾರದು, ಬರೀ ಪಾಸೇ ಕೊಡಬೇಕು ಅನ್ನೋ ಟೂರ್ನಿಗಳನ್ನ ನಡೆಸ್ತಿದ್ದರು. ನಮ್ಮ ಮೇಷ್ಟ್ರ ಶುಕ್ರವಾರದ ‘ಬರೀ ದುರ್ಬಲ ಕಾಲು’ ಆಟ ಇದೇ ಜಾಡಿನದ್ದು. ಬಲವಿರೋ ಕಾಲಲ್ಲಿ ಮುಟ್ಟಿದರೆ ಚೆಂಡು ಎದುರಾಳಿಗೆ.

ಸೀಟಿ

ನಿಯಮ ಬದಲಾದದ್ದೂ ಅವರ ನೆನಪಲ್ಲಿ ಚೆನ್ನಾಗಿ ಕೂತಿದೆ, ರೆಕಾರ್ಡ್ ಮಾಡುವಾಗ ಕೇಳಿ. 1992ಕ್ಕೆ ಮುಂಚೆ ಡಿಫೆಂಡರ್ ಹಿಂದಕ್ಕೆ ಒದ್ದ ಚೆಂಡನ್ನ ಗೋಲಿ ಕೈಯಲ್ಲಿ ಹಿಡೀಬಹುದಿತ್ತು. ನಿಯಮ ಬದಲಾದ ಮೇಲೆ ಗೋಲಿಗೂ ಕಾಲಾಟ ಕಲಿಸಬೇಕಾಯ್ತು. 2019ರಿಂದ ಗೋಲ್ ಕಿಕ್ ಪೆನಾಲ್ಟಿ ಏರಿಯಾ (ಗೋಲ್ ಮುಂದೆ ಗೆರೆ ಎಳೆದ ದೊಡ್ಡ ಆಯತ) ದಾಟಬೇಕಾಗಿಲ್ಲ, ಒದ್ದು ಸರಿದ ತಕ್ಷಣ ಆಟ ಶುರು. ಇದು ಇನ್ನೂ ಎಷ್ಟೋ ಊರ ಟೂರ್ನಿಗಳಲ್ಲಿ ಗೊತ್ತಿಲ್ಲ, ಸುಮ್ಮನೆ ಜಗಳ ಆಗುತ್ತೆ.

ಹಳು ಹಾದಿ

ನಮ್ಮ ಕಡೆ ಚೆಂಡು ಹಳುವಿಗೆ ಹೋದರೆ ತರೋಕೆ ಹೋದವರ ಕಾಲಿಗೆಲ್ಲ ಉಂಬಳ (ಜಿಗಣೆ). ಉಪ್ಪಿನ ಪೊಟ್ಟಣ ಕಿಟ್‌ನಲ್ಲಿ ಇರಲೇಬೇಕು.

ಮೊಣಕಾಲು ನೋಡುವವ

@ಹಳು ಹಾದಿ ಉಪ್ಪು, ಸುಣ್ಣ ಹಾಕಿದರೆ ಉಂಬಳ ಬಿಡುವಾಗ ಹೊಟ್ಟೆಯಲ್ಲಿದ್ದದ್ದನ್ನ ಗಾಯಕ್ಕೇ ಕಕ್ಕಬಹುದು. ಸಣ್ಣ ತುದಿಯ ಕಡೆ ಚರ್ಮಕ್ಕೆ ಒತ್ತಿ ಉಗುರು ತೂರಿಸಿ ಬಿಡಿಸಿ, ಆಮೇಲೆ ದಪ್ಪ ತುದಿ. ಸೋಪು ನೀರಲ್ಲಿ ತೊಳೆದು ಬಟ್ಟೆ ಒತ್ತಿ ಹಿಡೀರಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಒಂದು ರಸ ಬಿಟ್ಟಿರುತ್ತೆ, ಅದಕ್ಕೇ ತುಂಬ ಹೊತ್ತು ಜಿನುಗೋದು.

ಸಾಗರದ ಅಮ್ಮ

ಕಿಟ್‌ನಲ್ಲಿ ಕುಡಿಯೋಕೆ ಏನಿರಬೇಕು? ಬಣ್ಣದ ಪ್ಯಾಕೆಟ್ ಪಾನೀಯ ಕೊಡ್ತಾರೆ ಕೆಲವರು.

ರೈಟ್ ಬ್ಯಾಕ್

ಒಂದು ಗಂಟೆ ಆಟಕ್ಕೆ ನೀರೇ ಸಾಕು, ಹದಿನೈದು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ಬೇಸಿಗೆ ಟೂರ್ನಿಗೆ ಉಪ್ಪು ಹಾಕಿದ ಮಜ್ಜಿಗೆ ಒಳ್ಳೇದು. ಭೇದಿ ಆಗಿ ನಿತ್ರಾಣವಾದ ಮಗುವಿಗಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಅಳತೆ ತಪ್ಪಬಾರದು. ಅಂಥ ಮಗುವನ್ನ ಆಡಿಸೋದು ಬೇಡ. ಆಟ ಆದ ಮೇಲೆ ಬಾಳೆಹಣ್ಣು, ನೆನೆಸಿದ ಕಡ್ಲೆ. ಮಂಡಕ್ಕಿ ಒಗ್ಗರಣೆ ತಿನ್ನಲಿ, ಆದರೆ ಮ್ಯಾಚಿಗೆ ಮುಂಚೆ ಅಲ್ಲ.

ಕೆಮ್ಮಣ್ಣು

ಸರಿ, ಕೆಲಸಕ್ಕೆ ಬರೋಣ. ಇಬ್ಬರು ಹಳೇ ಹುಡುಗರು ಪ್ರಾಕ್ಟೀಸ್ ವಹಿಸಿಕೊಳ್ಳೋಕೆ ಒಪ್ಪಿದ್ದಾರೆ. ಲೈಸೆನ್ಸ್ ಬೇಕಾ?

ಸೀಟಿ

ಮಕ್ಕಳಿಗೆ ಹೇಳಿಕೊಡೋಕೆ ಎಐಎಫ್‌ಎಫ್‌ನ (ಭಾರತದ ಫುಟ್‌ಬಾಲ್ ಫೆಡರೇಶನ್) ಡಿ ಲೈಸೆನ್ಸ್ ಮಾಡಿಸಿ, ಮುಂದೆ ಎಎಫ್‌ಸಿಯ (ಏಷ್ಯಾದ ಫುಟ್‌ಬಾಲ್ ಒಕ್ಕೂಟ) ಸಿ, ಬಿ, ಎ ಅಂತ ಮೇಲೆ ಹೋಗುತ್ತೆ. ಆದರೆ ಮೊದಲು ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿರುವಾಗಲೇ ಅವರು ನಡೆಸಲಿ. ಕೊನೆಗೆ ಮೇಷ್ಟ್ರು ಬರೆದ ಪುಟವನ್ನೂ ಇವರು ಬರೆದ ಪುಟವನ್ನೂ ಅಕ್ಕಪಕ್ಕ ಇಟ್ಟು ಓದಿ. ಅವರ ಕಣ್ಣಿಗೆ ಬಿದ್ದು ಇವರಿಗೆ ತಪ್ಪಿದ್ದೇನು ಅಂತ ಅಲ್ಲೇ ಗೊತ್ತಾಗುತ್ತೆ. ಮಕ್ಕಳ ಹತ್ತಿರ ದೊಡ್ಡವರು ಯಾವಾಗಲೂ ಇಬ್ಬರಿರಲಿ, ಒಬ್ಬರೇ ಬೇಡ.

ರೈಟ್ ಬ್ಯಾಕ್

ಹೊಸಬರಿಗೆ ಮೈದಾನದ ಕೆಲಸವನ್ನೂ ಹೇಳಿಕೊಡಿ. ಚಿಕ್ಕವರಿಗೆ ಹನ್ನೆರಡು ಅಡಿ ಅಗಲ, ಆರು ಅಡಿ ಎತ್ತರದ ಗೋಲ್ ಸಾಕು. 24 ಅಡಿ, 8 ಅಡಿಯ ದೊಡ್ಡ ಗೋಲ್‌ನಲ್ಲಿ ನಿಂತ ಒಂಬತ್ತು ವರ್ಷದ ಗೋಲಿಗೆ ತಲೆ ಮೇಲಿನ ಚೆಂಡು ಸಿಗೋದೇ ಇಲ್ಲ, ಎದುರಾಳಿಗೆ ಎತ್ತಿ ಹೊಡೆಯೋದೊಂದೇ ಅಭ್ಯಾಸ ಆಗುತ್ತೆ. ಅಡಿಕೆ ಮರದ ಕಂಬ ಆದ್ರೆ ಎರಡೂವರೆ ಅಡಿ ಹೂಳಿ, ಬುಡಕ್ಕೆ ಟಾರ್ ಬಳೀರಿ, ಇಲ್ಲದಿದ್ದರೆ ಗೆದ್ದಲು ನೆಲಮಟ್ಟದಲ್ಲೇ ತಿನ್ನುತ್ತೆ. ಪ್ರತಿ ವಾರ ಕೈಯಿಂದ ಅಲುಗಾಡಿಸಿ ನೋಡಿ.

ಎತ್ತಿಡೋ ಪೈಪಿನ ಗೋಲ್ ಆದ್ರೆ ಹಿಂದಿನ ಅಡ್ಡ ಪೈಪನ್ನ ಗೂಟ ಹೊಡೆದು ನೆಲಕ್ಕೆ ಕಟ್ಟಬೇಕು, ಗೂಟ ಇಳಿಯದ ಕಡೆ ಮರಳಿನ ಚೀಲ ಹೇರಬೇಕು. ಮಗು ಮೇಲಿನ ಪಟ್ಟಿಗೆ ಜೋತು ಬಿದ್ದಾಗ ಗೋಲ್ ಮುಂದಕ್ಕೆ ಮಗುಚಿ ಜೀವ ಹೋದ ಉದಾಹರಣೆ ಬೇರೆ ಬೇರೆ ದೇಶಗಳಲ್ಲಿವೆ.

ಪೇಪರ್‌ಟೌನ್

ಗೆರೆ ಎಳೆಯೋಕೆ ಸುಣ್ಣದ ಚೀಲ ಒಂದು ನಾನು ತರ್ತೀನಿ.

ಮೊಣಕಾಲು ನೋಡುವವ

@ಪೇಪರ್‌ಟೌನ್ ಗೋಡೆಗೆ ಬಳಿಯೋ ಸುಣ್ಣ ತರಬೇಡಿ ಸರ್. ಒದ್ದೆ ಮೈಗೆ ತಾಗಿದರೆ ಸುಡುತ್ತೆ, ಕಣ್ಣಿಗೆ ಹೋದರೆ ಕಣ್ಣೇ ಹೋಗಬಹುದು. ಸೀಮೆಸುಣ್ಣದ ಪುಡಿ ತನ್ನಿ.

ಪೇಪರ್‌ಟೌನ್

ಆಯ್ತು, ಅದೇ ತರ್ತೀನಿ. ಮೂಲೆ ನೇರ ಬರೋಕೆ ಏನು ಮಾಡ್ತೀರಿ?

ರೈಟ್ ಬ್ಯಾಕ್

ಹನ್ನೆರಡು ಮೀಟರ್ ಹಗ್ಗದ ಎರಡು ತುದಿ ಸೇರಿಸಿ ಗಂಟು ಹಾಕಿ. ಆ ಗಂಟಿನಿಂದ ಮೂರು ಮೀಟರ್‌ಗೆ ಒಂದು, ಅಲ್ಲಿಂದ ನಾಲ್ಕು ಮೀಟರ್‌ಗೆ ಇನ್ನೊಂದು ಗುರುತು. ಮೂವರು ಮೂರು ಜಾಗ ಹಿಡಿದು ಬಿಗಿಯಾಗಿ ಎಳೆದರೆ ಮೂರು ಮೀಟರೂ ನಾಲ್ಕು ಮೀಟರೂ ಸೇರೋ ಮೂಲೆ ತೊಂಬತ್ತು ಡಿಗ್ರಿ. ಹಿಗ್ಗೋ ಪ್ಲಾಸ್ಟಿಕ್ ಹಗ್ಗ ಬೇಡ, ತೆಂಗಿನ ನಾರಿನದ್ದೂ ಒದ್ದೆಯಾದರೆ ಅಳತೆ ಬದಲಾಗುತ್ತೆ. ಬಿಗಿ ಹೆಣೆದ ಪಾಲಿಯೆಸ್ಟರ್ ಹಗ್ಗ ತನ್ನಿ, ಟೇಪು ನಾನು ತರ್ತೀನಿ.